ಗೂಟ ಒಂದು, ಹಗ್ಗ ಉದ್ದ: ಕೊಡಗಿನಿಂದ ಪಕ್ಕದ ಊರುಗಳಿಗೆ ಮನೆಮಂದಿಯೆಲ್ಲ ಹೋಗಿಬರುವ ಬಗೆ

ಸುಂಟಿಕೊಪ್ಪದ ನಮ್ಮ ಮನೆಯಲ್ಲಿ ಐದು ಜನ. ಅತ್ತೆಗೆ 71 ವರ್ಷ, ಮಂಡಿನೋವು. ಮಗಳು ಏಳನೇ ಕ್ಲಾಸು, ಮಗ ಒಂದನೇ ಕ್ಲಾಸು. ನಮ್ಮವರಿಗೆ ವಾರಕ್ಕೆ ಒಂದೇ ರಜೆ. ಈ ಐದು ಜನ ಬೆಳಿಗ್ಗೆ ಒಟ್ಟಿಗೆ ಹೊರಟು, ಸಂಜೆ ಯಾರೂ ಮುಖ ಊದಿಸಿಕೊಳ್ಳದೆ ವಾಪಸ್ ಬರಬೇಕು ಅಂದರೆ ಸ್ವಲ್ಪ ಯೋಚನೆ ಬೇಕೇ ಬೇಕು.

ಕೊಡಗಿನಲ್ಲಿ ಆ ಯೋಚನೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ನಮ್ಮ ಜಿಲ್ಲೆಗೆ ರೈಲು ಇಲ್ಲ. ಯಾವ ದಿಕ್ಕಿಗೆ ಹೊರಟರೂ ಒಂದೋ ಘಟ್ಟ ಇಳಿಯಬೇಕು, ಇಲ್ಲಾ ಕಾಡು ದಾಟಬೇಕು. ಮಳೆಗಾಲದಲ್ಲಿ ಬೆಳಿಗ್ಗೆ ಇದ್ದ ದಾರಿ ಸಂಜೆಗೂ ಇರುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಹಾಗಾಗಿ ಗಂಟೆ ಗಂಟೆಗೆ ಬರೆದಿಟ್ಟ ಪ್ಲ್ಯಾನು ನಮ್ಮಲ್ಲಿ ನಡೆಯುವುದಿಲ್ಲ. ಏನೂ ಗೊತ್ತುಮಾಡದೆ ಹೊರಟರೆ ಕುಶಾಲನಗರ ಬರುವಷ್ಟರಲ್ಲಿ ಕಾರಿನೊಳಗೇ ವಾದ ಶುರುವಾಗುತ್ತದೆ.

ನನ್ನ ಅಪ್ಪ ಕೊಯ್ಲು ಮುಗಿದ ಗದ್ದೆಯಲ್ಲಿ ದನ ಕಟ್ಟುವಾಗ ಒಂದು ಗೂಟ ಹೊಡೆದು, ಉದ್ದ ಹಗ್ಗ ಬಿಡುತ್ತಿದ್ದರು. ಗೂಟ ಅಲ್ಲಾಡುತ್ತಿರಲಿಲ್ಲ. ಹಸು ಮಾತ್ರ ಸುತ್ತಲೂ ತನಗೆ ಬೇಕಾದಲ್ಲಿ ಮೇಯುತ್ತಿತ್ತು. ನಮ್ಮ ಮನೆಯ ತಿರುಗಾಟವೂ ಈಗ ಹಾಗೇ. ದಿನಕ್ಕೆ ಒಂದೇ ಗೂಟ. ಉಳಿದದ್ದೆಲ್ಲ ಹಗ್ಗ. ಅದನ್ನು ನಾವು ಹೇಗೆ ಮಾಡುತ್ತೇವೆ ಅಂತ ಹಂತ ಹಂತವಾಗಿ ಬರೆಯುತ್ತೇನೆ. ನೀವು ಮಡಿಕೇರಿಯವರಾದರೆ, ವಿರಾಜಪೇಟೆ ಕಡೆಯವರಾದರೆ ಕಿಲೋಮೀಟರ್ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಹಂತ 1: ಮೊದಲು ದಿನ ನೋಡಿ, ಆಮೇಲೆ ಊರು

ಸಾಮಾನ್ಯವಾಗಿ ನಾವು ಊರಿನಿಂದ ಶುರುಮಾಡುತ್ತೇವೆ. "ಮೈಸೂರಿಗೆ ಹೋಗೋಣ್ವಾ?" ಅಂತ. ನಾನು ಈಗ ಕ್ಯಾಲೆಂಡರಿನಿಂದ ಶುರುಮಾಡುತ್ತೇನೆ.

ಕಾಫಿ ತೋಟ ಇದ್ದ ಮನೆಗಳಿಗೆ ಇದು ಹೇಳಬೇಕಿಲ್ಲ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಕಣದಲ್ಲಿ ಕಾಫಿ ಹರಡಿಕೊಂಡಿರುವಾಗ ಮನೆ ಬಿಟ್ಟು ದೂರ ಹೋಗುವುದು ಆಗದ ಮಾತು. ಆ ತಿಂಗಳುಗಳಲ್ಲಿ ಅರ್ಧ ದಿನದ ಜಾಗ ಮಾತ್ರ ಆರಿಸಿಕೊಳ್ಳಿ. ಫೆಬ್ರವರಿ ಕಳೆದ ಮೇಲೆ ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾದಾಗ ಅದನ್ನು ನೋಡುವುದೇ ಒಂದು ತಿರುಗಾಟ. ಆಗ ದೂರ ಹೋಗುವುದು ಬೇಡ ಅಂತಲೇ ನನಗನಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ದಾರಿಗಳನ್ನು ಪಟ್ಟಿಯಿಂದ ತೆಗೆದುಬಿಡಿ, ಅಥವಾ ಕೊನೆಗೆ ಇಡಿ. ಆ ನಾಲ್ಕು ತಿಂಗಳು ಪೂರ್ವಕ್ಕೆ ಹೋಗಿ. ಕುಶಾಲನಗರ ದಾಟಿದರೆ ಮಳೆ ಅರ್ಧಕ್ಕರ್ಧ ಕಡಿಮೆ. ಪಿರಿಯಾಪಟ್ಟಣಕ್ಕೆ ಬರುವಾಗ ಎಷ್ಟೋ ಸಲ ನೆಲ ಒಣಗಿಯೇ ಇರುತ್ತದೆ. ವಾರವಿಡೀ ಒದ್ದೆ ಬಟ್ಟೆ ನೋಡಿದ ಮಕ್ಕಳಿಗೆ ಬಿಸಿಲು ನೋಡುವುದೇ ಒಂದು ಸಂಭ್ರಮ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ದಿನ ತಲಕಾವೇರಿ, ಭಾಗಮಂಡಲದ ಕಡೆ ಜನಸಾಗರ. ತೀರ್ಥೋದ್ಭವ ನೋಡಲೇಬೇಕು ಅಂತಿದ್ದರೆ ಆ ದಿನಕ್ಕೆ ಅದೊಂದೇ ಗೂಟ, ಬೇರೆ ಯಾವುದೂ ಬೇಡ. ಸುಮ್ನೆ ಸುತ್ತಾಡಲು ಹೊರಟವರು ಆ ದಿಕ್ಕಿಗೆ ಹೋಗಬೇಡಿ. ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪಗಳ ಮೆರವಣಿಗೆಗೂ ಇದೇ ಮಾತು. ಸಣ್ಣ ಮಕ್ಕಳಿದ್ದರೆ ಮಧ್ಯಾಹ್ನ ಚೆನ್ನಾಗಿ ಮಲಗಿಸಿ ಕರೆದುಕೊಂಡು ಹೋಗಿ.

ಬೇಸಿಗೆ ರಜೆಯಲ್ಲಿ ಖರ್ಚಿಲ್ಲದೆ ಒಂದು ದಿನ ಕಳೆಯಬೇಕಾದರೆ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಹೋಗಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು. ವರ್ಷಕ್ಕೊಂದು ಕುಟುಂಬ ಮುಂದೆ ನಿಂತು ನಡೆಸುತ್ತದೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದನ್ನು ನನ್ನ ಮಗಳು ಮೊದಲ ಸಲ ನೋಡಿದ್ದು ಅಲ್ಲೇ.

ಇನ್ನು ವಾರದ ದಿನ. ಇದರಲ್ಲಿ ನಾನೇ ಎಡವಿದ್ದೇನೆ. ದಸರಾ ರಜೆ ಮುಗಿದ ಮೇಲೆ, ಜನ ಕಡಿಮೆ ಇರುತ್ತಾರೆ ಅಂತ ಒಂದು ಮಂಗಳವಾರ ಮಕ್ಕಳನ್ನು ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋದೆ. ಮಂಗಳವಾರ ಅದರ ವಾರದ ರಜೆ. ಮುಚ್ಚಿದ ಗೇಟಿನ ಮುಂದೆ ಮಗ ಅತ್ತದ್ದು ಇನ್ನೂ ಕಣ್ಣಮುಂದಿದೆ. ಪಕ್ಕದ ಕಾರಂಜಿ ಕೆರೆಗೂ ಮಂಗಳವಾರ ರಜೆ. ಹೊರಡುವ ಹಿಂದಿನ ದಿನ ಗೂಟದ ಜಾಗಕ್ಕೆ ಒಂದು ಫೋನ್ ಮಾಡುವ ಅಭ್ಯಾಸ ಅವತ್ತಿನಿಂದ ಬಂದದ್ದು.

ಶನಿವಾರ, ಭಾನುವಾರದ ಬಗ್ಗೆ ನಮ್ಮವರಿಗೆಲ್ಲ ಒಂದು ಹೆದರಿಕೆ ಇದೆ. "ಟೂರಿಸ್ಟ್ ರಶ್ಶು, ಹೊರಗೆ ಕಾಲಿಡೋದೇ ಬೇಡ" ಅಂತ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಶನಿವಾರ ಬೆಳಿಗ್ಗೆ ಬೆಂಗಳೂರು, ಮೈಸೂರಿನ ಗಾಡಿಗಳೆಲ್ಲ ಮೇಲೆ ಹತ್ತುತ್ತವೆ. ನಾವು ಕೆಳಗೆ ಇಳಿಯುತ್ತೇವೆ. ಭಾನುವಾರ ಸಂಜೆ ಅವರು ಇಳಿಯುತ್ತಾರೆ, ನಾವು ಹತ್ತುತ್ತೇವೆ. ಅಂದರೆ ವಾರಾಂತ್ಯದಲ್ಲಿ ಜಿಲ್ಲೆಯಿಂದ ಹೊರಗೆ ಹೋಗುವುದೇ ನಮಗೆ ಸಲೀಸು. ಜಿಲ್ಲೆಯೊಳಗಿನ ಅಬ್ಬಿ ಫಾಲ್ಸ್, ರಾಜಾಸೀಟ್, ಮಾಂದಲಪಟ್ಟಿ ಎಲ್ಲವನ್ನೂ ವಾರದ ಮಧ್ಯದ ರಜೆಗೆ ಇಟ್ಟುಕೊಳ್ಳಿ.

ಹಂತ 2: ದಾರಿಗಳನ್ನು ಗಂಟೆಯಲ್ಲಿ ಅಳೆಯಿರಿ

ನಮ್ಮ ಕಡೆ ಕಿಲೋಮೀಟರ್ ನಂಬಿ ಕೆಟ್ಟವರೇ ಜಾಸ್ತಿ. ಬಯಲುಸೀಮೆಯ 50 ಕಿಲೋಮೀಟರ್ ಬೇರೆ, ಸಂಪಾಜೆ ಘಟ್ಟದ 50 ಕಿಲೋಮೀಟರ್ ಬೇರೆ. ನಮ್ಮ ಮನೆಯ ಕಟ್ಟು ಇಷ್ಟೇ: ಒಂದು ಕಡೆಗೆ ಮೂರು ಗಂಟೆ ದಾಟಿದರೆ ಅದು ಒಂದು ದಿನದ ತಿರುಗಾಟವಲ್ಲ. ಅದಕ್ಕೆ ಒಂದು ರಾತ್ರಿ ಸೇರಿಸಬೇಕು, ಇಲ್ಲಾ ಬಿಡಬೇಕು.

ಪೂರ್ವದ ದಾರಿ ಎಲ್ಲರಿಗೂ ಗೊತ್ತು. ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು, ಮೈಸೂರು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಸಾವಕಾಶವಾಗಿ ಹೋದರೆ ಮೂರು ಗಂಟೆ. ಸುಂಟಿಕೊಪ್ಪದಿಂದ ಎರಡೂವರೆ. ಘಟ್ಟವಿಲ್ಲ, ನಡುನಡುವೆ ಊರುಗಳಿವೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅತ್ತೆ ಜೊತೆಗಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತೇನೆ.

ಪಶ್ಚಿಮಕ್ಕೆ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು, ಮಂಗಳೂರು. ಮಡಿಕೇರಿಯಿಂದ ಮಂಗಳೂರು ಸುಮಾರು 140 ಕಿಲೋಮೀಟರ್. ನಮ್ಮ ಮೂರು ಗಂಟೆಯ ಕಟ್ಟಿಗೆ ಮಂಗಳೂರು ಸಿಗುವುದಿಲ್ಲ. ಆದರೆ ಸುಳ್ಯ, ಪುತ್ತೂರು ಸಿಗುತ್ತವೆ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನ, ಬಾಲವನ ಎರಡು ನೋಡಿ, ಊಟಮಾಡಿ ಬಂದರೆ ದಿನ ತುಂಬುತ್ತದೆ.

ದಕ್ಷಿಣಕ್ಕೆ ಎರಡು ದಾರಿ. ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ ಘಟ್ಟ ಇಳಿದು ಇರಿಟ್ಟಿ, ಅಲ್ಲಿಂದ ಕಣ್ಣೂರು ಅಥವಾ ತಲಶೇರಿ. ವಿರಾಜಪೇಟೆಯಿಂದ ಸಮುದ್ರ 75–80 ಕಿಲೋಮೀಟರ್. ಕೊಡಗಿನವರಿಗೆ ಸಮುದ್ರ ಇಷ್ಟು ಹತ್ತಿರ ಇದೆ ಅಂತ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ! ಇನ್ನೊಂದು ಗೋಣಿಕೊಪ್ಪ, ಕುಟ್ಟ ದಾಟಿ ವಯನಾಡಿನ ಮಾನಂದವಾಡಿಗೆ. ಕುಟ್ಟದ ಹತ್ತಿರ ಇರ್ಪು ಜಲಪಾತ ಹೇಗೂ ಇದೆ. ಒಂದು ಮಾತು ನೆನಪಿರಲಿ: ನಾಗರಹೊಳೆ ಕಾಡಿನೊಳಗೆ ಹಾದುಹೋಗುವ ದಾರಿಯ ಗೇಟುಗಳು ರಾತ್ರಿ ಮುಚ್ಚಿರುತ್ತವೆ. ಸಂಜೆ ಗೇಟಿನ ಹೊತ್ತು ತಪ್ಪಿದರೆ ಬಹಳ ಸುತ್ತಬೇಕು.

ಉತ್ತರದ ದಾರಿಯನ್ನು ನಮ್ಮ ಕಡೆಯ ಜನ ಯಾಕೋ ಮರೆತೇಬಿಟ್ಟಿದ್ದಾರೆ. ಕುಶಾಲನಗರದಿಂದ ಕೊಣನೂರು, ಅರಕಲಗೂಡು, ಹಾಸನ. ನಡುವೆ ಕಾವೇರಿ ದಡದ ರಾಮನಾಥಪುರ. ಗಲಾಟೆ ಇಲ್ಲ, ಹೊಳೆಯ ಹತ್ತಿರ ಕೂರಬಹುದು, ವಯಸ್ಸಾದವರಿಗೆ ಹೇಳಿಮಾಡಿಸಿದ ಜಾಗ. ಸೋಮವಾರಪೇಟೆ ಕಡೆಯವರಿಗೆ ಶನಿವಾರಸಂತೆ ಮೇಲೆ ಸಕಲೇಶಪುರ ಹತ್ತಿರ. ಟಿಪ್ಪು ಕಟ್ಟಿಸಿದ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಅಲ್ಲಿದೆ, ಮೆಟ್ಟಿಲು ಹತ್ತಬೇಕು. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಮಗಳು ಹಟ ಹಿಡಿದಿದ್ದಾಳೆ. ಅದನ್ನು ಹಾಸನದಲ್ಲಿ ಒಂದು ರಾತ್ರಿ ಉಳಿದು ನೋಡುವುದೇ ಸರಿ. ಆ ಕೆತ್ತನೆಯನ್ನು ಓಡುತ್ತಾ ನೋಡುವುದು ಅನ್ಯಾಯ.

ಹಂತ 3: ಗೂಟ ಯಾವುದು, ಹಗ್ಗ ಯಾವುದು

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಹೊತ್ತು ಗೊತ್ತಾಗಿರುವ ಜಾಗ ಗೂಟ. ದಿನವಿಡೀ ತೆರೆದಿರುವ ಜಾಗ ಹಗ್ಗ.

ದುಬಾರೆಯ ಆನೆ ಶಿಬಿರ ಗೂಟ. ಆನೆ ಸ್ನಾನ ಬೆಳಿಗ್ಗೆಯೇ ನಡೆಯುವುದು. ಅದಕ್ಕೆ ದೋಣಿಯಲ್ಲಿ ಹೊಳೆ ದಾಟಬೇಕು. ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ. ಹನ್ನೆರಡು ಗಂಟೆಗೆ ಹೋಗಿ "ಆನೆ ಎಲ್ಲಿ?" ಅಂದರೆ ಪ್ರಯೋಜನವಿಲ್ಲ. ಬೈಲಕುಪ್ಪೆಯ ಟಿಬೆಟಿಯನ್ನರ ಸ್ವರ್ಣ ದೇವಾಲಯ ಹಗ್ಗ. ಹತ್ತಕ್ಕೆ ಹೋದರೂ ಆಯಿತು, ಮೂರಕ್ಕೆ ಹೋದರೂ ಆಯಿತು. ಕಾವೇರಿ ನಿಸರ್ಗಧಾಮವೂ ಹಗ್ಗವೇ, ಹಾರಂಗಿ ಅಣೆಕಟ್ಟೂ ಹಗ್ಗವೇ.

ಒಂದು ದಿನಕ್ಕೆ ಎರಡು ಗೂಟ ಹೊಡೆಯಲೇಬೇಡಿ. ಬೆಳಿಗ್ಗೆ ದುಬಾರೆ, ಸಂಜೆ ಮೈಸೂರು ಅರಮನೆ ದೀಪ ಅಂತ ಒಬ್ಬ ನೆಂಟರು ಮಾಡಿಕೊಂಡು ಬಂದಿದ್ದರು. ಎರಡರ ಮಧ್ಯೆ ಅವರ ಮಕ್ಕಳು ನೋಡಿದ್ದು ಕಾರಿನ ಸೀಟು ಮಾತ್ರ.

ಗೂಟ ಸಿಕ್ಕ ಮೇಲೆ ದಿನವನ್ನು ಅದರ ಸುತ್ತ ತಿರುಗಿಸಿ. ಅರಮನೆಯ ದೀಪವನ್ನೇ ತೆಗೆದುಕೊಳ್ಳಿ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ, ಸಂಜೆ 7ರ ಹೊತ್ತಿಗೆ ಲಕ್ಷದ ಹತ್ತಿರ ಬಲ್ಬುಗಳು ಒಂದೇ ಸಲಕ್ಕೆ ಹತ್ತುತ್ತವೆ. ಅದು ಗೂಟ ಅಂದಮೇಲೆ ಬೆಳಿಗ್ಗೆ ಐದಕ್ಕೆ ಎದ್ದು ಹೊರಡುವುದು ತಪ್ಪು. ಸಂಜೆ ಏಳು ಗಂಟೆಗೆ ಮಕ್ಕಳಲ್ಲಿ ಜೀವವೇ ಇರುವುದಿಲ್ಲ. ನಾವು ಮನೆಯಲ್ಲಿ ತಿಂಡಿ ತಿಂದು, ಹನ್ನೊಂದಕ್ಕೆ ಹೊರಡುತ್ತೇವೆ. ದೀಪ ಮುಖ್ಯವಲ್ಲ, ಅರಮನೆಯ ಒಳಗೆ ನೋಡಬೇಕು ಅಂದರೆ ಗೂಟವೇ ಬೇರೆ. ಒಳಗೆ ಬಿಡುವುದು ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ. ಆಗ ಬೇಗ ಹೊರಡಿ, ಕತ್ತಲಾಗುವ ಮುಂಚೆ ಮನೆ ಸೇರಿ.

ಹಂತ 4: ಎಲ್ಲಿ ನಿಂತು ತೀರ್ಮಾನ ಮಾಡಬೇಕು ಅಂತ ಮೊದಲೇ ಗೊತ್ತುಮಾಡಿ

ಪ್ಲ್ಯಾನು ಬದಲಾಯಿಸುವುದು ಕಷ್ಟವಲ್ಲ. ಬದಲಾಯಿಸುವ ಜಾಗ ದಾಟಿಹೋದ ಮೇಲೆ ಬದಲಾಯಿಸುವುದು ಕಷ್ಟ. ಅದಕ್ಕೆ ನಾವು ಪ್ರತಿ ದಾರಿಗೂ ಒಂದು ನಿಲುಗಡೆ ಇಟ್ಟುಕೊಂಡಿದ್ದೇವೆ. ಪೂರ್ವಕ್ಕೂ ಉತ್ತರಕ್ಕೂ ಕುಶಾಲನಗರ. ಪಶ್ಚಿಮಕ್ಕೆ ಮಡಿಕೇರಿ. ದಕ್ಷಿಣಕ್ಕೆ ಪೆರುಂಬಾಡಿ. ಅಲ್ಲಿ ಗಾಡಿ ನಿಲ್ಲಿಸಿ, ಚಹಾ ಕುಡಿಯುತ್ತಾ ಮೂರೇ ಪ್ರಶ್ನೆ: ಮುಂದೆ ದಾರಿ ಹೇಗಿದೆ? ಯಾರಿಗಾದರೂ ಹೊಟ್ಟೆ ತೊಳಸುತ್ತಿದೆಯಾ? ಗೂಟದ ಹೊತ್ತಿಗೆ ತಲುಪುತ್ತೇವಾ?

ದಾರಿ ಹೇಗಿದೆ ಅಂತ ಫೋನಿನ ಮ್ಯಾಪನ್ನು ಮಾತ್ರ ನಂಬಬೇಡಿ. ಎದುರಿನಿಂದ ಬಂದ ಬಸ್ಸಿನ ಡ್ರೈವರನ್ನು ಕೇಳಿ. "ಅಣ್ಣ, ಘಟ್ಟದಲ್ಲಿ ಹೇಗಿದೆ?" ಅಂದರೆ ಎಲ್ಲಿ ಮರ ಬಿದ್ದಿದೆ, ಎಲ್ಲಿ ಮಂಜು ಕವಿದಿದೆ ಎಲ್ಲ ಹೇಳುತ್ತಾರೆ.

ಇದನ್ನು ನಾವು ಕಲಿತದ್ದು ಒಂದು ಜೂನ್ ತಿಂಗಳಲ್ಲಿ. ಸುಳ್ಯದಲ್ಲಿ ಮದುವೆ ಊಟ ಮುಗಿಸಿ ಪುತ್ತೂರು ನೋಡಿ ಬರುವುದು ಅಂತ ಹೊರಟೆವು. ಮಡಿಕೇರಿಯಲ್ಲಿ ನಿಲ್ಲಿಸಲಿಲ್ಲ. ಘಟ್ಟದ ಅರ್ಧದಲ್ಲಿ ಮರ ಬಿದ್ದು ಗಾಡಿಗಳು ಸಾಲು ನಿಂತಿದ್ದವು. ಮುಂದೆ ಹೋಗುವ ಹಾಗಿಲ್ಲ, ಹಿಂದೆ ತಿರುಗಿಸುವ ಹಾಗಿಲ್ಲ. ಮಗ ಎರಡು ಸಲ ವಾಂತಿ ಮಾಡಿದ. ಗಾಜು ಇಳಿಸಿದರೆ ಮಳೆ ಒಳಗೆ, ಏರಿಸಿದರೆ ಉಸಿರು ಕಟ್ಟುತ್ತದೆ. ಅತ್ತೆ ಏನೂ ಮಾತಾಡದೆ ಗುಡ್ಡದ ಕಡೆಯೇ ನೋಡುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದದ್ದು ನಮಗೆ ಯಾರಿಗೂ ಮರೆತಿಲ್ಲ. ಒಂದೂವರೆ ಗಂಟೆ ಕಳೆದು ದಾರಿ ಬಿಟ್ಟಾಗ ನಮ್ಮವರು ಪುತ್ತೂರಿನ ಮಾತೇ ಎತ್ತಲಿಲ್ಲ. ಮಡಿಕೇರಿಯಲ್ಲಿ ಹತ್ತು ನಿಮಿಷ ನಿಂತು ಕೇಳಿದ್ದರೆ ಸಾಕಿತ್ತು.

ಪ್ರತಿ ನಿಲುಗಡೆಯ ಹತ್ತಿರ ಒಂದು ಬದಲಿ ಜಾಗವೂ ಇರಬೇಕು. ಕುಶಾಲನಗರ ಇದಕ್ಕೆ ಭಾರಿ ಅನುಕೂಲ. ಎರಡು ಮೂರು ಕಿಲೋಮೀಟರಿಗೆ ನಿಸರ್ಗಧಾಮ, ಆರಕ್ಕೆ ಬೈಲಕುಪ್ಪೆ, ಒಂಬತ್ತರ ಹತ್ತಿರ ಹಾರಂಗಿ. ಮೈಸೂರು ಬೇಡ ಅನಿಸಿದರೆ ಇಲ್ಲೇ ದಿನ ಮುಗಿಸಬಹುದು. ಮಡಿಕೇರಿಯಲ್ಲಿ ನಿಂತುಬಿಟ್ಟರೆ ಓಂಕಾರೇಶ್ವರ ದೇವಸ್ಥಾನ, ಕೋಟೆ, ಕೊಡಗಿನ ಅರಸರ ಸಮಾಧಿಗಳಿರುವ ಗದ್ದುಗೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರದ ಗುಮ್ಮಟ ನೋಡಿ ಮಗ "ಇದು ಮಸೀದಿಯಾ ಅಮ್ಮ?" ಅಂತ ಕೇಳಿದ್ದ. ಅಲ್ಲಿಂದ ಶುರುವಾದ ಮಾತು ಮನೆಗೆ ಬರುವವರೆಗೂ ಮುಗಿಯಲಿಲ್ಲ. ಪೆರುಂಬಾಡಿಯಿಂದ ತಿರುಗಿದರೆ ನನಗೆ ವಿರಾಜಪೇಟೆಯಲ್ಲಿ ತವರುಮನೆ ಇದೆ. ನಿಮಗೆ ಗೋಣಿಕೊಪ್ಪ, ಇರ್ಪು ಇವೆ.

ಬದಲಿ ಜಾಗವನ್ನು ಮಕ್ಕಳಿಗೆ ಮೊದಲೇ ಹೇಳಿಡಿ. "ಮೈಸೂರು ಆಗದಿದ್ದರೆ ಬೈಲಕುಪ್ಪೆಯ ಮೊಮೊ" ಅಂತ ರಾತ್ರಿಯೇ ಹೇಳಿದ್ದರೆ ಬೆಳಿಗ್ಗೆ ಯಾರೂ ಅಳುವುದಿಲ್ಲ.

ಹಂತ 5: ಯಾರಿಗೆ ಏನು ಬೇಕು ಅಂತ ಕೇಳಿ, ಬೇಕಾದರೆ ಬೇರೆಯಾಗಿ

ನಮ್ಮ ಮನೆಯಲ್ಲಿ ಗೂಟ ಆರಿಸುವ ಹಕ್ಕು ಸರದಿಯ ಮೇಲೆ ಬರುತ್ತದೆ. ಒಂದು ಸಲ ಮಗಳು, ಒಂದು ಸಲ ಅತ್ತೆ. ಮೊದಲೆಲ್ಲ ಅತ್ತೆ "ನನಗೆಂಥದ್ದು, ನೀವು ಎಲ್ಲಿಗಾದ್ರೂ ಸರಿ" ಅನ್ನುತ್ತಿದ್ದರು. ಎರಡು ಮೂರು ಸಲ ಕೇಳಿದ ಮೇಲೆ ಬಾಯಿಬಿಟ್ಟರು. ಅವರಿಗೆ ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಸಾಲಿನಲ್ಲಿ ನಡೆಯಬೇಕಿತ್ತಂತೆ, ಅಷ್ಟೇ. ಮದುವೆಯಾದ ಹೊಸತರಲ್ಲಿ ಮಾವ ಕರೆದುಕೊಂಡು ಹೋಗಿದ್ದರಂತೆ. ಇಷ್ಟು ವರ್ಷ ನಾವು ಅವರನ್ನು ಮೃಗಾಲಯದಲ್ಲಿ ನಡೆಸಿ ನಡೆಸಿ ಸುಸ್ತು ಮಾಡಿದ್ದೆವು.

ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಇರಬೇಕು ಅನ್ನುವುದನ್ನು ಬಿಡಿ. ಮೈಸೂರಿನಲ್ಲಿ ನಾವು ಎರಡು ಗುಂಪಾಗುತ್ತೇವೆ. ನಮ್ಮವರು ಮಕ್ಕಳ ಜೊತೆ ಮೃಗಾಲಯಕ್ಕೆ. ನಾನು ಅತ್ತೆ ಮಾರುಕಟ್ಟೆಗೆ. ಸೇರುವ ಜಾಗ, ಹೊತ್ತು ಎರಡನ್ನೂ ಬೇರೆಯಾಗುವ ಮುಂಚೆಯೇ ಹೇಳಿಕೊಳ್ಳುತ್ತೇವೆ. ವಯಸ್ಸಾದವರಿಗೂ ಪ್ರಾಣಿ ನೋಡುವ ಆಸೆ ಇದ್ದರೆ ಮೃಗಾಲಯದೊಳಗೆ ಬ್ಯಾಟರಿ ಗಾಡಿ ಸಿಗುತ್ತದೆ. ಒಳಗೆ ಹೋದ ತಕ್ಷಣವೇ ಅದರ ಬಗ್ಗೆ ಕೇಳಿ.

ಸಣ್ಣ ಮಕ್ಕಳಿಗೆ ಒಂದು ಮನವಿ ನನ್ನದು: ಅವರು ನಿಂತಲ್ಲಿ ನಿಲ್ಲಲು ಬಿಡಿ. ಬೈಲಕುಪ್ಪೆಯಲ್ಲಿ ಎಲ್ಲರೂ ದೊಡ್ಡ ಬುದ್ಧನನ್ನು ನೋಡುತ್ತಿದ್ದರೆ ನನ್ನ ಮಗ ಹೊರಗೆ ಪ್ರಾರ್ಥನಾ ಚಕ್ರದ ಹತ್ತಿರ ನಿಂತಿದ್ದ. ಒಬ್ಬ ಮುದುಕಿ ಒಂದೊಂದೇ ಚಕ್ರ ತಿರುಗಿಸುತ್ತಾ ಬರುತ್ತಿದ್ದರು. ಅವರ ಹಿಂದೆ ಇವನೂ. ಅವರು ಮುಟ್ಟಿ ಮುಂದೆ ಹೋದ ಚಕ್ರ ನಿಲ್ಲುವ ಮುಂಚೆ ಇವನು ಇನ್ನೊಂದು ಸಲ ತಿರುಗಿಸುತ್ತಿದ್ದ. ಸಾಲು ಮುಗಿದ ಮೇಲೆ ಅವರು ಇವನ ತಲೆ ಸವರಿದರು. ಅರ್ಧ ಗಂಟೆ ಹೋಯಿತು. ಹಗ್ಗ ಉದ್ದ ಇದ್ದದ್ದಕ್ಕೆ ಆ ಅರ್ಧ ಗಂಟೆ ನಮ್ಮ ಹತ್ತಿರ ಇತ್ತು.

ಹಂತ 6: ಬುತ್ತಿ

ನಮ್ಮ ಲೆಕ್ಕ: ಬೆಳಗಿನದ್ದು ಮನೆಯದ್ದು, ಮಧ್ಯಾಹ್ನದ್ದು ಹೊರಗಿನದ್ದು, ಸಂಜೆಯದ್ದು ಮತ್ತೆ ಮನೆಯದ್ದು.

ಅಕ್ಕಿರೊಟ್ಟಿಯಷ್ಟು ಒಳ್ಳೆಯ ಬುತ್ತಿ ಇನ್ನೊಂದಿಲ್ಲ. ಅನ್ನ ಕಲಸಿ ತಟ್ಟಿದ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗೆ ಇರುತ್ತದೆ. ಬಿಸಿ ಇರುವಾಗಲೇ ಒಂದರ ಮೇಲೊಂದು ಇಟ್ಟು ಹತ್ತಿಬಟ್ಟೆಯಲ್ಲಿ ಸುತ್ತಿ, ಆಮೇಲೆ ಡಬ್ಬಿಗೆ ಹಾಕಿ. ಬಿಸಿಯಲ್ಲೇ ನೇರ ಸ್ಟೀಲ್ ಡಬ್ಬಿಗೆ ಹಾಕಿದರೆ ಬೆವರಿ ಅಂಟಿಕೊಳ್ಳುತ್ತದೆ. ಜೊತೆಗೆ ಎಳ್ಳಿನ ಚಟ್ನಿ, ನೀರು ಕಡಿಮೆ ಹಾಕಿ ಗಟ್ಟಿಯಾಗಿ ರುಬ್ಬಿದ್ದು. ಕಾಯಿಚಟ್ನಿ ಬೇಡ, ಬಿಸಿಲಿಗೆ ಹಳಸುತ್ತದೆ. ನೂಪುಟ್ಟು (ಅಕ್ಕಿ ಶಾವಿಗೆ) ಒಣಗುತ್ತದೆ. ಕಡಂಬುಟ್ಟು (ಅಕ್ಕಿತರಿಯ ಉಂಡೆ) ಪರವಾಗಿಲ್ಲ, ಕಾರಿನೊಳಗೆ ಕೈಯಲ್ಲಿ ಹಿಡಿದು ತಿನ್ನಬಹುದು.

ಘಟ್ಟ ಇಳಿಯುವ ದಿನ ಎಣ್ಣೆತಿಂಡಿ ಬೇಡ. ಹಾಲೂ ಬೇಡ. ಹೊರಡುವ ಒಂದು ಗಂಟೆ ಮುಂಚೆ ಎರಡು ಇಡ್ಲಿಯೋ ಒಂದು ರೊಟ್ಟಿಯೋ ಸಾಕು. ಖಾಲಿ ಹೊಟ್ಟೆಯಲ್ಲಿ ಕೂರಿಸಿದರೂ ವಾಂತಿ ಬರುತ್ತದೆ. ತಿರುವಿನಲ್ಲಿ ಫೋನ್ ನೋಡಲು ಬಿಡಬೇಡಿ, ದೂರ ನೋಡಲು ಹೇಳಿ. ಶುಂಠಿ ಚೂರು ಬಾಯಲ್ಲಿಡುವುದು ನಮ್ಮ ಮನೆಯಲ್ಲಿ ಕೆಲಸ ಮಾಡಿದೆ. ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿ, ಘಟ್ಟ ಶುರುವಾಗುವ ಮುಂಚೆಯೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಒಳಗೆ ನಿಲ್ಲುವುದಿಲ್ಲ.

ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ. ಹಾಲು ಹಾಕದಿದ್ದರೆ ಸಂಜೆಯವರೆಗೂ ಕೆಡುವುದಿಲ್ಲ.

ಮಧ್ಯಾಹ್ನದ ಊಟ ಮಾತ್ರ ಆ ಊರಿನದ್ದೇ ಆಗಲಿ. ಬೈಲಕುಪ್ಪೆಗೆ ಹೋಗಿ ಟಿಬೆಟಿಯನ್ನರ ನೂಡಲ್ಸ್ ಸೂಪು ತುಕ್ಪಾ ಕುಡಿಯದೆ, ತಲಶೇರಿಗೆ ಹೋಗಿ ಸಣ್ಣಕ್ಕಿಯ ಬಿರಿಯಾನಿ ತಿನ್ನದೆ ಬರುವುದು ಸರಿಯಲ್ಲ. ಹನ್ನೆರಡೂವರೆಗೇ ಊಟಕ್ಕೆ ಕೂತುಬಿಡಿ. ಒಂದೂವರೆಗೆ ಹೋದರೆ ಎಲ್ಲ ಕಡೆ ಸಾಲು.

ಹಂತ 7: ಗಾಡಿಯಲ್ಲಿ ಸದಾ ಇರುವ ಚೀಲ

ಪ್ರತಿ ಸಲ ಹೊಸದಾಗಿ ಜೋಡಿಸಬೇಡಿ. ಒಂದು ಚೀಲ ತುಂಬಿಸಿ ಡಿಕ್ಕಿಯಲ್ಲೇ ಇಟ್ಟುಬಿಡಿ. ಪ್ರತಿಯೊಬ್ಬರಿಗೂ ಒಂದು ಜೊತೆ ಬಟ್ಟೆ, ಕೊಡೆ, ದಪ್ಪ ಪ್ಲಾಸ್ಟಿಕ್ ಕವರು, ಟವೆಲು, ಟಾರ್ಚು, ಗಾಯಕ್ಕೆ ಹಚ್ಚುವ ಮದ್ದು, ಸ್ವಲ್ಪ ನಗದು. ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ಉಪ್ಪು. ಮಳೆಗಾಲದಲ್ಲಿ ಜಿಗಣೆ ಹತ್ತಿದರೆ ಕಿತ್ತೆಳೆಯಬೇಡಿ. ಉಪ್ಪಿನ ಗಂಟನ್ನು ಒದ್ದೆಮಾಡಿ ಒತ್ತಿದರೆ ತಾನೇ ಬೀಳುತ್ತದೆ. ಅತ್ತೆಯ ಮಾತ್ರೆ ಮಾತ್ರ ನನ್ನ ಕೈಚೀಲದಲ್ಲಿ, ಎರಡು ದಿನಕ್ಕಾಗುವಷ್ಟು. ಘಟ್ಟದಲ್ಲಿ ಒಂದು ರಾತ್ರಿ ಸಿಕ್ಕಿಬಿದ್ದರೂ ತೊಂದರೆ ಆಗಬಾರದು.

ನೆಟ್‌ವರ್ಕ್ ಎಷ್ಟೋ ಕಡೆ ಸಿಗುವುದಿಲ್ಲ. ಮನೆಯಲ್ಲೇ ಮ್ಯಾಪ್ ಇಳಿಸಿಕೊಳ್ಳಿ. ತುರ್ತಿಗೆ 112, ಆಂಬುಲೆನ್ಸಿಗೆ 108 ಅಂತ ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಹಂತ 8: ಕಾರೋ ಬಸ್ಸೋ

ಕಾರಿದ್ದರೆ ಹಗ್ಗ ಉದ್ದ. ಆದರೆ ಬಸ್ಸನ್ನು ಕಡೆಗಣಿಸಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಇಟ್ಟುಕೊಂಡರೆ ಆಯಿತು. ನಾನು, ಅತ್ತೆ, ಮಗಳು ಮೂವರೇ ಮೈಸೂರಿಗೆ ಹೋಗಿಬಂದ ದಿನ ನಮ್ಮ ದಾರಿಖರ್ಚು ಸೊನ್ನೆ. ಉಳಿದ ದುಡ್ಡಿನಲ್ಲಿ ಅತ್ತೆ ಮಲ್ಲಿಗೆ ತಗೊಂಡರು. ಬಸ್ಸಿನಲ್ಲಿ ಹೋಗುವ ದಿನ ವಾಪಸ್ ಬರುವ ಬಸ್ಸೇ ಗೂಟ. ಕೊನೆಯ ಬಸ್ಸನ್ನು ನೆಚ್ಚಬೇಡಿ, ಅದರ ಹಿಂದಿನದ್ದನ್ನು ಹಿಡಿಯಿರಿ.

ಸಂಜೆ ಮರಳುವಾಗ ಕುಶಾಲನಗರ ದಾಟಿದ ಮೇಲೆ ಆನೆಕಾಡಿನಲ್ಲಿ, ಆ ಕಡೆ ತಿತಿಮತಿ ದಾರಿಯಲ್ಲಿ ವೇಗ ಇಳಿಸಿ. ಆನೆ ರಸ್ತೆಗೆ ಬಂದರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಇಳಿದು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಮಂಜು ಕವಿದಾಗ ದೀಪ ಕೆಳಗೆ ಇರಲಿ. ಮೇಲಕ್ಕೆ ಹಾಕಿದರೆ ಬೆಳ್ಳಗಿನ ಗೋಡೆ ಎದುರಿಗೆ ಬಂದ ಹಾಗಾಗುತ್ತದೆ.

ನಮ್ಮ ಪುಸ್ತಕದ ಎರಡು ಪುಟ

ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಇದೆಲ್ಲ ಬರೆದಿಡುತ್ತೇವೆ. ಒಂದು ದಿನಕ್ಕೆ ನಾಲ್ಕು ಸಾಲು, ಅಷ್ಟೇ.

"ಭಾನುವಾರ, ಮೈಸೂರು. ಗೂಟ: ಅರಮನೆ ದೀಪ, ಸಂಜೆ 7. ಹಗ್ಗ: ಮಾರುಕಟ್ಟೆ, ಮೃಗಾಲಯ, ಚಾಮುಂಡಿಬೆಟ್ಟ. ನಿಲುಗಡೆ: ಕುಶಾಲನಗರ 11.30. ಬದಲಿ: ಬೈಲಕುಪ್ಪೆ, ನಿಸರ್ಗಧಾಮ." ಆ ದಿನ ಚಾಮುಂಡಿಬೆಟ್ಟ ಆಗಲಿಲ್ಲ, ಮೃಗಾಲಯ ಅರ್ಧ ಆಯಿತು. ದೀಪ ಹತ್ತಿದ ಕ್ಷಣ ಮಗ ಅವನಪ್ಪನ ಭುಜದ ಮೇಲಿದ್ದ. ಅಷ್ಟು ಜನ ಒಂದೇ ಸಲ "ಓ" ಅಂದದ್ದು ಕೇಳಿ ಅವನು ದೀಪ ಬಿಟ್ಟು ಜನರನ್ನೇ ನೋಡಿದ. ಮನೆ ಸೇರಿದಾಗ ಹತ್ತೂವರೆ. ಹಾಗಾಗಿ ಇದನ್ನು ಮರುದಿನ ಶಾಲೆಗೆ ರಜೆ ಇರುವ ಭಾನುವಾರಕ್ಕೇ ಇಟ್ಟುಕೊಳ್ಳುತ್ತೇವೆ.

ಇನ್ನೊಂದು ಪುಟ ಸಮುದ್ರದ್ದು. ಸುಂಟಿಕೊಪ್ಪದಿಂದ ಕಣ್ಣೂರು ನಮ್ಮ ಮೂರು ಗಂಟೆಯ ಕಟ್ಟನ್ನು ಮೀರುತ್ತದೆ. ಅದಕ್ಕೆ ಶನಿವಾರ ಸಂಜೆಯೇ ವಿರಾಜಪೇಟೆಯ ತವರಿಗೆ ಹೋಗಿ ಮಲಗಿದೆವು. ನೆಂಟರ ಮನೆ ದಾರಿಯಲ್ಲಿದ್ದರೆ ನಾಚಿಕೆ ಬೇಡ, ಮುಂಚೆ ಒಂದು ಮಾತು ಹೇಳಿ ಹೋಗಿ. ಬರುವಾಗ ಅವರಿಗೊಂದಿಷ್ಟು ಮೀನು ತಂದರೆ ಅವರಿಗೂ ಖುಷಿ. ಗೂಟ ಪರಶ್ಶಿನಿಕಡವಿನ ಮುತ್ತಪ್ಪ. ಕೊಡಗಿನ ಎಷ್ಟೋ ಮನೆಗಳವರು ನಡೆದುಕೊಳ್ಳುವ ದೇವರು. ಅಲ್ಲಿ ಬೆಳಿಗ್ಗೆ, ಸಂಜೆ ತೆಯ್ಯಂ (ಭೂತಕೋಲದ ಹಾಗಿನದ್ದು) ಕಟ್ಟುತ್ತಾರೆ. ನಾಯಿಗಳು ಗುಡಿಯೊಳಗೇ ಓಡಾಡಿಕೊಂಡಿರುತ್ತವೆ, ಯಾರೂ ಓಡಿಸುವುದಿಲ್ಲ. ಬಂದವರಿಗೆಲ್ಲ ಬೇಯಿಸಿದ ಕಾಳು, ತೆಂಗಿನಕಾಯಿ ಚೂರು, ಚಹಾ ಕೊಡುತ್ತಾರೆ. ಮಕ್ಕಳಿಗೆ ನಾಯಿ, ಅತ್ತೆಗೆ ಮುತ್ತಪ್ಪ. ಹಗ್ಗಕ್ಕೆ 1505ರಲ್ಲಿ ಪೋರ್ಚುಗೀಸರು ಕಟ್ಟಿದ ಕಣ್ಣೂರು ಕೋಟೆ, ಮತ್ತೆ ಮುಳಪ್ಪಿಲಂಗಾಡ್ ಬೀಚು. ಅಲ್ಲಿ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಮರಳಿನ ಮೇಲೆ ಕಾರು ಓಡಿಸಬಹುದು. ಭರತದ ಹೊತ್ತಲ್ಲಿ ಇಳಿಸಬೇಡಿ, ಅಲ್ಲಿಯವರನ್ನು ಕೇಳಿ ಇಳಿಸಿ. ಮಧ್ಯಾಹ್ನ ಮೂರಕ್ಕೆ ಸಮುದ್ರ ಬಿಟ್ಟರೆ ಬೆಳಕಿರುವಾಗಲೇ ಮಾಕುಟ್ಟ ಹತ್ತಬಹುದು. ನಾವು ಮೂರೂವರೆಗೆ ಬಿಟ್ಟೆವು. ಆ ಅರ್ಧ ಗಂಟೆ ಮಗಳು ಕೇಳಿ ತೆಗೆದುಕೊಂಡದ್ದು.

ಮನೆಗೆ ಬಂದ ಮೇಲೆ ಚೀಲ ಬಿಚ್ಚುವ ಮುಂಚೆ ಪುಸ್ತಕ ತೆರೆಯುತ್ತೇವೆ. ಆಗದೆ ಉಳಿದದ್ದನ್ನು ಮುಂದಿನ ಪುಟದ ತಲೆಗೆ ಬರೆಯುತ್ತೇವೆ. ಹಾಗೆ ಬರೆದಿಟ್ಟರೆ ಮಕ್ಕಳಿಗೆ ಅದು ತಪ್ಪಿಹೋಯಿತು ಅನಿಸುವುದಿಲ್ಲ, ಬಾಕಿ ಇದೆ ಅನಿಸುತ್ತದೆ. ಸದ್ಯಕ್ಕೆ ಮೇಲೆ ಇರುವುದು ಚಾಮುಂಡಿಬೆಟ್ಟ. ಅದರ ಕೆಳಗೆ ಅತ್ತೆ ತಮ್ಮ ಕೈಯಾರೆ, ಗುಂಡಗಿನ ಅಕ್ಷರದಲ್ಲಿ "ರಾಮನಾಥಪುರ" ಅಂತ ಬರೆದಿದ್ದಾರೆ. ಈ ಸಲದ ಸರದಿ ಅವರದು.